ಗೋಕಾಕ ಗೊಂಬೆಗಳು

ಗೋಕಾಕ ಗೊಂಬೆಗಳು ಬೆಳಗಾವಿ ಜಿಲ್ಲೆಯ ಗೋಕಾಕ ಪಟ್ಟಣದಲ್ಲಿ ಹಗುರವಾದ ಮರದಿಂದ ತಯಾರಾಗುವ ಬಣ್ಣದ ಗೊಂಬೆಗಳು. ಚಿತ್ರಗಾರ ಕುಟುಂಬಗಳು ಈ ಕಸುಬನ್ನು ವಂಶಪಾರಂಪರ್ಯವಾಗಿ ನಡೆಸಿಕೊಂಡು ಬಂದಿವೆ. ಕೆತ್ತುವುದು, ನಯಗೊಳಿಸುವುದು, ಬಣ್ಣ ಹಚ್ಚುವುದು ಮನೆಮಂದಿ ಹಂಚಿಕೊಂಡು ಮಾಡುವ ಕೆಲಸಗಳು. ಚನ್ನಪಟ್ಟಣದಲ್ಲಿ ಲೇತ್‌ ಮೇಲೆ ತಿರುಗುವ ಮರಕ್ಕೆ ಅರಗಿನ ಬಣ್ಣ ಹಿಡಿಸಿದರೆ, ಇಲ್ಲಿ ಕುಂಚವೇ ಪ್ರಧಾನ. ನಿಜವೆಂದೇ ಭ್ರಮೆ ಹುಟ್ಟಿಸುವ ಹಣ್ಣು, ತರಕಾರಿಗಳ ಪ್ರತಿಕೃತಿಗಳಿಗೆ ಗೋಕಾಕ ಹೆಸರಾಗಿದೆ.

ಚಿತ್ರಗಾರರ ಕುಂಚ ಆಟಿಕೆಗಳಿಗಷ್ಟೇ ಸೀಮಿತವಲ್ಲ. ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ದ್ಯಾಮವ್ವ, ದುರ್ಗವ್ವ ಮುಂತಾದ ಗ್ರಾಮದೇವತೆಯರ ಮರದ ಮೂರ್ತಿಗಳಿಗೆ ಜಾತ್ರೆಯ ಮುನ್ನ ಹೊಸ ಬಣ್ಣ ಹಚ್ಚುವವರು ಈ ಸಮುದಾಯದವರೇ. ಜಾತ್ರೆಯ ವೆಚ್ಚಕ್ಕೆ ಮನೆಮನೆಯಿಂದ ವಂತಿಗೆ ಕೂಡಿಸುವ ರೂಢಿಯಿದೆ. ಅಗ್ಗದ ಪ್ಲಾಸ್ಟಿಕ್ ಆಟಿಕೆಗಳಿಂದ ಗೊಂಬೆಗಳ ಬೇಡಿಕೆ ಕುಗ್ಗಿದೆ. ದೇವಿಗೆ ಬಣ್ಣ ಹಚ್ಚುವ ಕೆಲಸಕ್ಕೆ ಮಾತ್ರ ಪ್ಲಾಸ್ಟಿಕ್ಕಿನ ಪೈಪೋಟಿಯಿಲ್ಲ.