ಲಿನಕ್ಸ್ ಎದ್ದಿದೆ, ನೆಟ್‌ವರ್ಕ್ ಎದ್ದಿಲ್ಲ: ಮೇನ್‌ಫ್ರೇಮ್‌ನಲ್ಲಿ ರೀಬೂಟ್ ಯಾಕೆ ಮದ್ದಲ್ಲ?

ಭಾನುವಾರ ಬೆಳಿಗ್ಗೆ ಝಡ್ ಪಾಯಿಂಟ್‌ಗೆ ಹೋಗೋಣ ಅಂತ ಕೆಮ್ಮಣ್ಣುಗುಂಡಿಯಲ್ಲಿ ಉಳಿದಿದ್ದೆ. ಅಷ್ಟರಲ್ಲಿ ಬೆಂಗಳೂರಿನಿಂದ ಕಿರಿಯ ಸಹೋದ್ಯೋಗಿಯ ಫೋನ್. "ಸರ್, ಮೇನ್‌ಫ್ರೇಮ್‌ನ ಲಿನಕ್ಸ್ ರೀಬೂಟ್ ಮಾಡಿದ್ವಿ. ಎದ್ದಿದೆ, ಆದ್ರೆ ಪಿಂಗ್ ಆಗ್ತಿಲ್ಲ. ಇನ್ನೊಂದ್ಸಲ ರೀಬೂಟ್ ಮಾಡ್ಲಾ?"

ಸೋಮವಾರ ವಹಿವಾಟು ಶುರುವಾಗುವ ಮುಂಚೆ ಅದು ಸರಿಹೋಗಲೇಬೇಕಿತ್ತು. ನನಗೆ ಡೇಟಾ ಸಿಗ್ನಲ್ ಇರಲಿಲ್ಲ, ಎಲ್ಲವನ್ನೂ ಮಾತಿನಲ್ಲೇ ಹೇಳಬೇಕು. "ಬೇಡಪ್ಪ, ಮೊದಲು ಏನಾಗಿದೆ ನೋಡೋಣ" ಅಂದೆ.

ಮನೆಯ ಕಂಪ್ಯೂಟರ್‌ಗೆ ನೆಟ್‌ವರ್ಕ್ ಕಾರ್ಡ್ ಹಾಕಿದರೆ ಲಿನಕ್ಸ್ ತಾನೇ ಗುರುತಿಸುತ್ತದೆ. ಐಬಿಎಂ ಝಡ್ ಮೇನ್‌ಫ್ರೇಮ್‌ನಲ್ಲಿ ಸಾಮಾನ್ಯವಾಗಿ ಹಾಗಲ್ಲ. ಒಂದು ಯಂತ್ರವನ್ನು ಎಲ್‌ಪಾರ್ ಎಂಬ ಪಾಲುಗಳಾಗಿ ಹಂಚಿರುತ್ತಾರೆ. ಒಎಸ್‌ಎ ಎಂಬ ಒಂದೇ ಕಾರ್ಡನ್ನು ಹಲವು ಪಾಲುಗಳು ಬಳಸುತ್ತವೆ. ಲಿನಕ್ಸ್‌ನ ಒಂದು ಸಂಪರ್ಕಕ್ಕೆ ಮೂರು ಸಾಧನ ಸಂಖ್ಯೆಗಳು ಬೇಕು, ಉದಾಹರಣೆಗೆ 0600, 0601, 0602. ಮೊದಲೆರಡು ಕಾರ್ಡಿನ ಜೊತೆ ನಿಯಂತ್ರಣದ ಮಾತುಕತೆಗೆ, ಮೂರನೆಯದು ಡೇಟಾಕ್ಕೆ. ಮೂರನ್ನೂ ಗುಂಪು ಮಾಡಿ ಆನ್‌ಲೈನ್‌ಗೆ ತಂದರಷ್ಟೇ ನೆಟ್‌ವರ್ಕ್ ಕಾಣಿಸುತ್ತದೆ.

ಹಾಗಾಗಿ ಹುಡುಕಾಟ ತಳದಿಂದ ಶುರುವಾಗಬೇಕು. ನೆಟ್‌ವರ್ಕ್ ಸತ್ತಿದ್ದರೂ ಎಚ್‌ಎಂಸಿ ಕನ್ಸೋಲ್ ಮೂಲಕ ಲಾಗಿನ್ ಆಗಬಹುದು. ಮೊದಲು 'ಎಲ್‌ಎಸ್‌ಸಿಎಸ್‌ಎಸ್' ಕಮಾಂಡ್. ಅದರಲ್ಲಿ ಮೂರು ಸಂಖ್ಯೆಗಳು ಕಾಣದಿದ್ದರೆ ಎರಡು ಅನುಮಾನ: ಯಂತ್ರದ ಐ/ಒ ಸಂರಚನೆಯಲ್ಲಿ ಆ ಪಾಲಿಗೆ ಅವನ್ನು ಕೊಟ್ಟಿಲ್ಲ, ಇಲ್ಲವೇ ಕರ್ನಲ್‌ನ 'ಸಿಐಒ ಇಗ್ನೋರ್' ಪಟ್ಟಿ ಅವನ್ನು ಮುಚ್ಚಿಟ್ಟಿದೆ.

ನಮ್ಮಲ್ಲಿ ಸಂಖ್ಯೆಗಳು ಕಂಡವು. ಮುಂದಿನ ಕಮಾಂಡ್ 'ಎಲ್‌ಎಸ್‌ಝಡ್‌ಡೆವ್'. ಸಾಧನ ಈಗ ಚಾಲೂ ಇದೆಯೇ ಅಂತ ಒಂದು ಕಾಲಂ ಹೇಳುತ್ತದೆ, ಬೂಟ್ ಆದ ಮೇಲೂ ಬರುತ್ತದೆಯೇ ಅಂತ ಇನ್ನೊಂದು. "ಎರಡರಲ್ಲೂ 'ನೋ' ಇದೆ ಸರ್" ಅಂದ.

ಕಾರಣ ಸಿಕ್ಕಿತು. ಹಿಂದೊಮ್ಮೆ ಯಾರೋ ತುರ್ತಿನಲ್ಲಿ ಸಾಧನದ 'ಆನ್‌ಲೈನ್' ಫೈಲ್‌ಗೆ ನೇರವಾಗಿ 1 ಬರೆದು ಕೆಲಸ ಮುಗಿಸಿದ್ದರು. ಆ ಬದಲಾವಣೆಯ ಆಯಸ್ಸು ಮುಂದಿನ ರೀಬೂಟ್‌ವರೆಗೆ ಮಾತ್ರ. 'ಸಿಎಚ್‌ಝಡ್‌ಡೆವ್' ಬಳಸಿದ್ದರೆ ಈಗಿನದೂ ಮುಂದಿನದೂ ಒಟ್ಟಿಗೆ ಸರಿಯಾಗುತ್ತಿತ್ತು. ಅದನ್ನೇ ಮಾಡಿಸಿದೆ. ಐಪಿ ಸಂರಚನೆ ಮೊದಲೇ ಇತ್ತು. ಪಿಂಗ್ ಆಯ್ತು.

ಆಗದಿದ್ದರೆ ಇನ್ನೆರಡು ನೋಡಬೇಕಿತ್ತು. ಎರಡು ಪೋರ್ಟಿನ ಕಾರ್ಡಿನಲ್ಲಿ ಕೇಬಲ್ ಪೋರ್ಟ್ 1ರಲ್ಲಿದ್ದರೂ ಲಿನಕ್ಸ್ ತಾನಾಗಿ ಹಿಡಿಯುವುದು ಪೋರ್ಟ್ 0. ಇನ್ನೊಂದು, ಲೇಯರ್ 2 ಅಥವಾ 3ರ ಆಯ್ಕೆ. ಇವೆರಡನ್ನೂ ಸಾಧನ ಆಫ್‌ಲೈನ್ ಇದ್ದಾಗ ಮಾತ್ರ ಬದಲಿಸಬಹುದು.

ಇಲ್ಲಿ ಮತ್ತೆ ನೂರು ಸಲ ರೀಬೂಟ್ ಮಾಡಿದ್ದರೂ ಉಪಯೋಗವಿರಲಿಲ್ಲ. ಹಳೆಯ ಅರೆಬರೆ ರಿಪೇರಿ ಬಯಲಾದದ್ದೇ ರೀಬೂಟ್‌ನಿಂದ. ಆ ರಿಪೇರಿ ಮಾಡಿದವರು ಒಂದು ಸಾಲು ಬರೆದಿಟ್ಟಿದ್ದರೂ ಆ ಹುಡುಗನ ಭಾನುವಾರ ಉಳಿಯುತ್ತಿತ್ತು. ಮೇನ್‌ಫ್ರೇಮ್ ಬಲ್ಲ ಹಿರಿಯರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಅವರ ತಲೆಯಲ್ಲಿರುವ ಸಂಖ್ಯೆಗಳು ಕಾಗದಕ್ಕೆ ಬರಲಿ. ರಿಪೇರಿ ಮಾಡಿದವರು ಪಿಂಗ್ ಆದ ಕೂಡಲೇ ಎದ್ದು ಹೋಗದೆ, ಆ ಎರಡು ಕಾಲಂಗಳಲ್ಲೂ 'ಯೆಸ್' ಬಂದಿದೆಯಾ ಅಂತ ನೋಡಿ ಹೋಗಲಿ.