ಮೂರು ಹೊಲಿಗೆಗೆ ಇಪ್ಪತ್ತು ಕಿಲೋಮೀಟರ್

ಮಗ್ರಿಬ್ ಕಳೆದು ಸ್ವಲ್ಪ ಹೊತ್ತಾಗಿತ್ತು. ನೆರೆಮನೆಯ ಏಳು ವರ್ಷದ ಹುಡುಗ ಜಗಲಿಯಲ್ಲಿ ಓಡುತ್ತಾ ಜಾರಿ ಮೆಟ್ಟಿಲಿನ ಅಂಚಿಗೆ ಬಿದ್ದ. ಹುಬ್ಬಿನ ಮೇಲೆ ಒಂದಿಂಚು ಗಾಯ. ಅಜ್ಜಿ ಕಾಫಿ ಪುಡಿಯ ಡಬ್ಬಿ ಹಿಡಿದು ಓಡಿ ಬಂದರು. ತಾಯಿ ಮಗುವನ್ನು ಎತ್ತಿಕೊಂಡು ಆಟೋ ಹುಡುಕುತ್ತಾ ರಸ್ತೆಗೆ ಓಡಿದಳು. ಗಂಡ ಗಲ್ಫ್‌ನಲ್ಲಿ. ಊರಿನ ಆರೋಗ್ಯ ಕೇಂದ್ರ ಸಂಜೆಯೇ ಬಾಗಿಲು ಹಾಕಿತ್ತು. ಕೊನೆಗೆ ಇಪ್ಪತ್ತು ಕಿಲೋಮೀಟರ್ ದೂರದ ನಗರದ ದೊಡ್ಡ ಆಸ್ಪತ್ರೆಗೆ ಹೋದರು. ಅಲ್ಲಿ ಬೈಕ್ ಅಪಘಾತದ ಇಬ್ಬರು ಮತ್ತು ಎದೆನೋವಿನ ಒಬ್ಬ ವೃದ್ಧರು ಮೊದಲೇ ಬಂದಿದ್ದರು. ಎರಡು ಗಂಟೆ ಕಾದ ಬಳಿಕ ಮೂರು ಹೊಲಿಗೆ ಬಿತ್ತು. ಹತ್ತು ನಿಮಿಷದ ಕೆಲಸ. ಮನೆ ತಲುಪುವಾಗ ನಡುರಾತ್ರಿ.

"ಆಟೋ ಬಾಡಿಗೆಯೇ ಚಿಕಿತ್ಸೆಗಿಂತ ಹೆಚ್ಚಾಯಿತು ಅಕ್ಕಾ" ಎಂದು ಅವಳು ಮರುದಿನ ನನ್ನಲ್ಲಿ ಹೇಳಿದಳು.

ಆಸ್ಪತ್ರೆಯವರದ್ದು ತಪ್ಪೆಂದು ನಾನು ಹೇಳಲಾರೆ. ಎದೆನೋವಿನವರನ್ನು ಮೊದಲು ನೋಡಲೇಬೇಕು. ಆದರೆ ಈ ಹುಡುಗ ಅಲ್ಲಿಗೆ ಹೋಗಬೇಕಾಗಿ ಬಂದದ್ದೇಕೆ? ಮೆಟ್ಟುಕತ್ತಿ ತಾಗಿದ ಬೆರಳು, ಗಂಜಿ ಬಸಿಯುವಾಗ ಸುಟ್ಟ ಕೈ, ಕಾಲಿಗೆ ಚುಚ್ಚಿದ ಮೊಳೆ, ಇವೆಲ್ಲ ದೊಡ್ಡ ಆಸ್ಪತ್ರೆಯ ಕೆಲಸವಲ್ಲ. ಶುಚಿಯಾದ ಒಂದು ಕೋಣೆ, ತರಬೇತಿ ಪಡೆದ ಒಬ್ಬ ನರ್ಸ್, ಹೊಲಿಗೆಯ ಸಾಮಾನು, ಧನುರ್ವಾಯುವಿನ ಲಸಿಕೆ ಇದ್ದರೆ ಹೆಚ್ಚಿನವು ಮನೆಯ ಹತ್ತಿರವೇ ಮುಗಿಯುತ್ತವೆ.

ಕಾಗದದ ಮೇಲೆ ನಮಗೆ ಇದು ಸಿಕ್ಕಿಯೂ ಇದೆ. ಸರಕಾರದ ಲೆಕ್ಕದಂತೆ ಬಯಲು ಪ್ರದೇಶದಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು. ಗುಡ್ಡಗಾಡಿನಲ್ಲಿ ಇದು 3,000 ಮತ್ತು 20,000. 2018ರಿಂದ ಈ ಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಬದಲಾಯಿಸುತ್ತಾ ಬಂದರು. 2023ರಲ್ಲಿ ಅವುಗಳಿಗೆ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಹೆಸರು ಬಂತು. ಅಲ್ಲಿ ಸಿಗಬೇಕಾದ ಹನ್ನೆರಡು ಬಗೆಯ ಸೇವೆಗಳ ಪಟ್ಟಿಯಲ್ಲಿ ತುರ್ತು ಚಿಕಿತ್ಸೆಯೂ ಸೇರಿದೆ. ಗರ್ಭಿಣಿಯರ ತಪಾಸಣೆ ಮತ್ತು ಮಕ್ಕಳ ಲಸಿಕೆಗೆ ಮಾತ್ರ ಆ ಕಟ್ಟಡ ಎಂದು ನಮ್ಮಲ್ಲಿ ಅನೇಕರು ತಿಳಿದುಕೊಂಡಿದ್ದೇವೆ. ಹಾಗಲ್ಲ.

ನಗರಗಳಿಗಾಗಿ 2022ರ ಡಿಸೆಂಬರ್‌ನಲ್ಲಿ ರಾಜ್ಯ ಸರಕಾರ 'ನಮ್ಮ ಕ್ಲಿನಿಕ್' ಆರಂಭಿಸಿತು. 438 ಕ್ಲಿನಿಕ್‌ಗಳ ಯೋಜನೆ ಅದು, 243 ಬೆಂಗಳೂರಿಗೇ. ಒಬ್ಬ ವೈದ್ಯರು, ಒಬ್ಬ ನರ್ಸ್, ಒಬ್ಬ ಪ್ರಯೋಗಾಲಯ ಸಿಬ್ಬಂದಿ. ತಪಾಸಣೆ, ಔಷಧ ಎಲ್ಲವೂ ಉಚಿತ. ಒಳ್ಳೆಯ ಹೆಜ್ಜೆಯೇ. ಆದರೆ ಆರಂಭದಲ್ಲಿ ಗೊತ್ತುಮಾಡಿದ ಸಮಯ ನೋಡಿ: ಬೆಳಿಗ್ಗೆ 9ರಿಂದ ಸಂಜೆ 4.30. ನಿಮ್ಮ ಮನೆಯಲ್ಲಿ ಮಕ್ಕಳು ಬೀಳುವುದು ಯಾವಾಗ? ಶಾಲೆ ಬಿಟ್ಟ ಮೇಲೆ. ಅಡುಗೆಮನೆಯಲ್ಲಿ ಕೈ ಸುಡುವುದು ಯಾವಾಗ? ಎಲ್ಲರ ಊಟದ ಹೊತ್ತಿಗೆ. ಬಕ್ರೀದ್ ದಿನ ಕತ್ತಿ ಬೆರಳಿಗೆ ತಾಗುವುದು ರಜಾದಿನದಲ್ಲೇ. ಗಾಯವಾಗುವ ಹೊತ್ತಿಗೂ ಕ್ಲಿನಿಕ್ ತೆರೆದಿರುವ ಹೊತ್ತಿಗೂ ಹೊಂದಿಕೆಯೇ ಇಲ್ಲ.

ನಮ್ಮ ಕಡೆಯಿಂದ ಎಷ್ಟೋ ನರ್ಸ್‌ಗಳು ಕೆಲಸಕ್ಕೆ ಹೋಗುವ ಇಂಗ್ಲೆಂಡಿನಲ್ಲಿ ಇದನ್ನು ಬೇರೆ ರೀತಿ ನೋಡಿದ್ದಾರೆ. ಅಲ್ಲಿ ಸಣ್ಣ ಗಾಯಗಳಿಗೆಂದೇ ನರ್ಸ್‌ಗಳು ನಡೆಸುವ ಘಟಕಗಳಿವೆ. ಎಲ್ಲಿ, ಎಷ್ಟು ಹೊತ್ತು, ಯಾವ ಸೌಲಭ್ಯದೊಂದಿಗೆ ಸೇವೆ ಬೇಕೆಂದು ನಿರ್ಧರಿಸಿ, ಅದಕ್ಕೆ ಸರಕಾರಿ ಹಣ ಕೊಟ್ಟು ಸೇವೆ ಕೊಳ್ಳುವ ಕೆಲಸ ಆಯಾ ಪ್ರದೇಶದ ಆರೋಗ್ಯ ಮಂಡಳಿಯದ್ದು. 2022ರ ಜುಲೈಯಲ್ಲಿ ಅಂಥ 42 ಮಂಡಳಿಗಳು ಅಸ್ತಿತ್ವಕ್ಕೆ ಬಂದವು. ತುರ್ತು ಚಿಕಿತ್ಸಾ ಕೇಂದ್ರವೆಂದು ಹೆಸರು ಹಾಕಿಕೊಳ್ಳಬೇಕಾದರೆ ದಿನಕ್ಕೆ ಕನಿಷ್ಠ 12 ಗಂಟೆ ತೆರೆದಿರಬೇಕು ಎಂಬ ನಿಯಮ ಅಲ್ಲಿ 2017ರಲ್ಲೇ ಬಂತು. ಅಲ್ಲಿಯೂ ಕಾಯುವ ಸಾಲು ಇಲ್ಲದಿಲ್ಲ, ಎಲ್ಲವೂ ಸುಸೂತ್ರವೆಂದು ತಿಳಿಯಬೇಡಿ. ಆದರೆ ಸಮಯವನ್ನೇ ಒಂದು ನಿಯಮವಾಗಿ ಬರೆದಿಟ್ಟದ್ದು ನನಗೆ ಹಿಡಿಸಿತು.

ಸಣ್ಣ ಗಾಯವೆಂದು ಹಗುರವಾಗಿ ಹೇಳುತ್ತೇವೆ. ಆದರೆ ಚಿಕಿತ್ಸೆ ದೂರವಾದಾಗ ಅದು ಸಣ್ಣದಾಗಿ ಉಳಿಯುವುದಿಲ್ಲ. ಮಗುವಿಗಾದರೆ ತಾಯಿ ಹೇಗಾದರೂ ಓಡುತ್ತಾಳೆ. ತನಗೇ ಆದಾಗ? ಜೊತೆಗೆ ಬರಲು ಯಾರೂ ಇಲ್ಲ, ಮಕ್ಕಳನ್ನು ಬಿಟ್ಟು ಹೋಗುವಂತಿಲ್ಲ, "ನಾಳೆ ನೋಡೋಣ" ಎಂದು ಸುಟ್ಟ ಕೈಗೆ ಟೂತ್‌ಪೇಸ್ಟ್ ಹಚ್ಚಿಕೊಂಡು ಮಲಗುತ್ತಾಳೆ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಅತ್ತೆಯೋ ಅಮ್ಮನೋ ಇದ್ದರೆ ಅವರ ಕಾಲನ್ನು ಒಮ್ಮೆ ನೋಡಿ. ಚಪ್ಪಲಿ ಕಚ್ಚಿದ ಗಾಯ ಅವರಿಗೆ ನೋಯುವುದೂ ಇಲ್ಲ. ಕೆಲವು ವಾರಗಳಲ್ಲಿ ಕೀವಾಗಿ ಬೆರಳನ್ನೇ ತೆಗೆಯುವ ಸ್ಥಿತಿಗೆ ಬರಬಹುದು. ಅವರಿಗೆ ಬೇಕಾದದ್ದು ದಿನ ಬಿಟ್ಟು ದಿನ ಡ್ರೆಸ್ಸಿಂಗ್. ಅದಕ್ಕಾಗಿ ಪ್ರತಿಸಲವೂ ನಗರಕ್ಕೆ ಕರೆದೊಯ್ಯಲು ಸಾಧ್ಯವೇ?

ಇಲ್ಲೊಂದು ಮಾತು ನೆನಪಿಡಿ. ಮೊದಲ ದಿನ ನಗರಕ್ಕೆ ಹೋದರೂ ಮುಂದಿನ ಡ್ರೆಸ್ಸಿಂಗ್ ಮತ್ತು ಹೊಲಿಗೆ ಬಿಚ್ಚುವುದನ್ನು ಹತ್ತಿರದ ಕೇಂದ್ರದಲ್ಲೇ ಮಾಡಿಸಬಹುದು. ಆಸ್ಪತ್ರೆಯ ಚೀಟಿ ಜೊತೆಗಿರಲಿ. ಮುಖದ ಹೊಲಿಗೆಯನ್ನು ಸಾಮಾನ್ಯವಾಗಿ ಐದು ದಿನದ ಹೊತ್ತಿಗೆ ಬಿಚ್ಚುತ್ತಾರೆ, ಕಾಲಿನದ್ದಕ್ಕೆ ಹತ್ತು ದಿನಗಳಿಗೂ ಹೆಚ್ಚು ಬೇಕು. ನೆರೆಮನೆಯ ಹುಡುಗನ ಹೊಲಿಗೆ ಬಿಚ್ಚಿದ್ದು ನಮ್ಮೂರಿನ ಕೇಂದ್ರದ ನರ್ಸ್ ಅಕ್ಕನೇ. ಕೆಲವು ಪ್ರಾಥಮಿಕ ಆರೋಗ್ಯ ಕೇಂದ್ರಗಳು 24 ಗಂಟೆಯೂ ತೆರೆದಿರುತ್ತವೆ. ರಾತ್ರಿ ನರ್ಸ್ ಇರುವುದು ಮುಖ್ಯವಾಗಿ ಹೆರಿಗೆಗಾಗಿಯಾದರೂ ಗಾಯ ತೊಳೆದು ಕಟ್ಟಲು, ಲಸಿಕೆ ಕೊಡಲು ಅವರಿಗೆ ಬರುತ್ತದೆ. ನಿಮಗೆ ಹತ್ತಿರದ ಅಂಥ ಕೇಂದ್ರ ಯಾವುದೆಂದು ಆಶಾ ಕಾರ್ಯಕರ್ತೆಯಲ್ಲಿ ಇವತ್ತೇ ಕೇಳಿಟ್ಟುಕೊಳ್ಳಿ. ರಕ್ತ ಸುರಿಯುವಾಗ ವಿಚಾರಿಸುತ್ತಾ ಕೂರಲಾಗುವುದಿಲ್ಲ.

ಹೊರಡುವ ಮೊದಲು ಮನೆಯಲ್ಲಿ ಮಾಡಬೇಕಾದದ್ದು ಸ್ವಲ್ಪವೇ. ರಕ್ತ ಬರುವ ಗಾಯವನ್ನು ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕಾಫಿ ಪುಡಿ, ಅರಸಿನ, ಸುಣ್ಣ ಯಾವುದೂ ಬೇಡ. (ಅಜ್ಜಿಯಂದಿರು ಕ್ಷಮಿಸಲಿ, ಆ ಪುಡಿಯನ್ನು ಗಾಯದಿಂದ ತೆಗೆಯುವಾಗ ಮಗು ಪಡುವ ನೋವು ಹೊಲಿಗೆಯದ್ದಕ್ಕಿಂತ ಹೆಚ್ಚು.) ಸುಟ್ಟರೆ ಬಳೆ, ಉಂಗುರ ಕೂಡಲೇ ತೆಗೆದು ನಲ್ಲಿ ನೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಮಂಜುಗಡ್ಡೆ ಬೇಡ. ನಾಯಿ ಕಚ್ಚಿದರೆ ಗಾಯ ಎಷ್ಟೇ ಚಿಕ್ಕದಿರಲಿ, ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಲಸಿಕೆ ಆರಂಭಿಸಬೇಕು. ರೇಬೀಸ್ ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧವಿಲ್ಲ.

ಇನ್ನು ಕೆಲವಕ್ಕೆ ಊರಿನ ಕ್ಲಿನಿಕ್ಕಿನ ಬಾಗಿಲಲ್ಲಿ ಹೊತ್ತು ಕಳೆಯಲೇಬಾರದು. ತಲೆಗೆ ಪೆಟ್ಟಾಗಿ ವಾಂತಿ, ಮಂಪರು, ಪ್ರಜ್ಞೆ ತಪ್ಪುವುದು, ಹಾವಿನ ಕಡಿತ, ಮುಖ ಸುಟ್ಟಿರುವುದು, ಒತ್ತಿ ಹಿಡಿದರೂ ನಿಲ್ಲದ ರಕ್ತ. ಇಂಥ ಹೊತ್ತಿನಲ್ಲಿ 108ಕ್ಕೆ ಕರೆ ಮಾಡಿ.

ಹಾಗಾದರೆ ಸಂಜೆಯ ಸೇವೆಯನ್ನು ಕೇಳುವುದು ಯಾರಲ್ಲಿ? ಪ್ರತಿ ಗ್ರಾಮಕ್ಕೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಎಂಬುದೊಂದಿದೆ. ಅದರ ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಆಶಾ ಕಾರ್ಯಕರ್ತೆಯೇ ಅದರ ಸದಸ್ಯ ಕಾರ್ಯದರ್ಶಿ ಎಂದು ಮಾರ್ಗಸೂಚಿ ಹೇಳುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿ ಇದೆ. ಗ್ರಾಮ ಸಭೆಗೆ ಮೊದಲು ಮಹಿಳಾ ಗ್ರಾಮ ಸಭೆ ಇದೆ. ಪಂಚಾಯತ್ ಸ್ಥಾನಗಳಲ್ಲಿ ಶೇ. 50 ಮಹಿಳೆಯರಿಗೆ ಮೀಸಲು. ಇಷ್ಟೆಲ್ಲ ಇದ್ದೂ ಆ ಸಭೆಗಳಲ್ಲಿ ನಮ್ಮ ಮನೆಯ ಹೆಣ್ಮಕ್ಕಳು ಎಷ್ಟು ಮಂದಿ ಕಾಣಸಿಗುತ್ತಾರೆ? ಬೀದಿದೀಪ, ಚರಂಡಿಯ ಬಗ್ಗೆ ಗಂಡಸರು ಮಾತಾಡುತ್ತಾರೆ. ಸಂಜೆ ಏಳಕ್ಕೆ ಮಗುವಿನ ಹಣೆ ಒಡೆದರೆ ಎಲ್ಲಿಗೆ ಹೋಗಬೇಕೆಂದು ಕೇಳುವವರು ನಾವೇ ಆಗಬೇಕಷ್ಟೆ. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಕಳೆದ ಆರು ತಿಂಗಳಲ್ಲಿ ನಿಮ್ಮ ಓಣಿಯ ಮನೆಗಳಲ್ಲಿ ಯಾರಿಗೆ ಯಾವ ಹೊತ್ತಿಗೆ ಏನಾಯಿತು, ಎಲ್ಲಿಗೆ ಹೋದರು, ಎಷ್ಟು ಖರ್ಚಾಯಿತು ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. "ನಮಗೆ ಆಸ್ಪತ್ರೆ ಬೇಕು" ಎಂಬ ಮಾತಿಗೆ ಯಾರೂ ಉತ್ತರ ಕೊಡುವುದಿಲ್ಲ. "ಸಂಜೆ ಐದರಿಂದ ಎಂಟರವರೆಗೆ ಒಬ್ಬ ನರ್ಸ್ ಬೇಕು" ಎಂದರೆ ಹೌದೋ ಅಲ್ಲವೋ ಎಂದು ಹೇಳಲೇಬೇಕಾಗುತ್ತದೆ.

ನೆರೆಮನೆಯವಳು ಅಂಥ ಹಾಳೆ ತಯಾರಿಸಿದ್ದಾಳೆ. ನಮ್ಮ ಓಣಿಯ ಹದಿನಾಲ್ಕು ಮನೆಗಳಲ್ಲಿ ಒಂಬತ್ತು ಗಾಯಗಳು, ಅವುಗಳಲ್ಲಿ ಏಳು ಸಂಜೆ ಐದರ ನಂತರದವು. ಮುಂದಿನ ಮಹಿಳಾ ಗ್ರಾಮ ಸಭೆಗೆ ನಾವು ಐವರು ಒಟ್ಟಿಗೆ ಹೋಗುತ್ತಿದ್ದೇವೆ.