ನಿಮಗಿದು ಗೊತ್ತೆ? ಈ ಕೋಳಿ ಸಾರಿಗೆ ಎಣ್ಣೆ ಮೊದಲಲ್ಲ!

ಇಥಿಯೋಪಿಯಾದ ಹಬ್ಬದೂಟದ ಕೋಳಿ ಸಾರು ‘ದೋರೊ ವತ್’ ಶುರುವಾಗುವುದು ಒಣ ಪಾತ್ರೆಯಲ್ಲಿ. ಸಣ್ಣಗೆ ಹೆಚ್ಚಿದ ರಾಶಿ ಈರುಳ್ಳಿಯನ್ನು ಎಣ್ಣೆಯಿಲ್ಲದೆ, ಸಣ್ಣ ಉರಿಯಲ್ಲಿ, ಅದರದೇ ನೀರಿನಲ್ಲಿ ಬಹಳ ಹೊತ್ತು ಬಾಡಿಸುತ್ತಾರೆ. ಅದು ಕರಗಿ ಮೆತ್ತಗಾದ ಮೇಲೆ ಮಸಾಲೆ ಹಾಕಿ ಕಾಯಿಸಿದ ತುಪ್ಪ, ಒಣಮೆಣಸಿನಕಾಯಿ–ಮೆಂತ್ಯ ಬೆರೆತ ‘ಬರ್ಬರೆ’ ಪುಡಿ ಸೇರುತ್ತವೆ. ಸಾರು ಮಂದವಾಗಲು ತೆಂಗಿನಕಾಯಿ, ಹಿಟ್ಟು ಬೇಡ, ಈರುಳ್ಳಿಯೇ ಸಾಕು. ಸಂಪ್ರದಾಯದಂತೆ ಕೋಳಿಯನ್ನು 12 ತುಂಡು ಮಾಡಿ, ಕೊನೆಗೆ ಬೇಯಿಸಿದ ಮೊಟ್ಟೆ ಹಾಕುತ್ತಾರೆ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು 55 ದಿನ ಮಾಂಸ, ಹಾಲು, ಮೊಟ್ಟೆ ಬಿಟ್ಟು ವ್ರತ ಮಾಡಿ, ಈಸ್ಟರ್‌ಗೆ ಸವಿಯುವ ಮುಖ್ಯ ಅಡುಗೆ ಇದು. ಜೊತೆಗೆ ಟೆಫ್ ಎಂಬ ಕಿರುಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಹುಯ್ದ ‘ಇಂಜೆರಾ’ ದೋಸೆ. ಅಂದಹಾಗೆ, ನಮ್ಮ ರಾಗಿಯ ತವರೂ ಪೂರ್ವ ಆಫ್ರಿಕಾದ ಎತ್ತರದ ನಾಡೇ!